ಬೆರಳಪ್ಪನ ಮಾತು

“ಇನ್ನೊಂದ್ಸಲಿ ಒತ್ತು ಕಾಶಕ್ಕ. ಬೆರಳು ಮಡಚ್ಕಂಡ್ರೆ ಲಿಂಗ ಜಾರಲ್ಲ,” ಅಂದಳು ಪಕ್ಕದ ಮನೆಯ ಉಚ್ಚಂಗಮ್ಮ.

ಕಾಶಮ್ಮ ಒತ್ತಿದಳು. ಗಂಡನ ಎಡಗೈ ಬೆರಳುಗಳು ಮಡಚಲಿಲ್ಲ. ಅಂಗೈಯಲ್ಲಿಟ್ಟ ಇಷ್ಟಲಿಂಗ ಒಂದು ಕಡೆಗೆ ವಾಲಿತು. ಉಚ್ಚಂಗಮ್ಮ ಬಿಳಿ ಪಂಚೆಯ ಅಂಚಿನಿಂದ ಒಂದು ಪಟ್ಟಿ ಹರಿದು ಕೊಟ್ಟಳು. ಕಾಶಮ್ಮ ಅದನ್ನು ಕೈಗೆ ಸುತ್ತಿ, ಲಿಂಗ ಬೀಳದ ಹಾಗೆ ಗಂಟು ಹಾಕಿದಳು.

ಅಜ್ಜಂಪುರದ ಆ ಮನೆಯ ಪಡಸಾಲೆಯಲ್ಲಿ ಕರಿಸಿದ್ದಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ. ಬದುಕಿದ್ದಾಗಲೇ ಯಾರನ್ನೂ ಕೂಗದವನು ಸಾಯುವಾಗ ಯಾಕೆ ಕೂಗಿಯಾನು? ಊರಿಗೆಲ್ಲ ಅವನು ಟೈಪಿಂಗ್ ಮೇಷ್ಟ್ರು. ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ ಈ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಗುಮಾಸ್ತಿಕೆ ಕೊಡಿಸಿದವನು. ಅವನ ಬೆರಳುಗಳು ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಾಶಮ್ಮ ಕಂಡಿರಲಿಲ್ಲ. ತೊಡೆಯ ಮೇಲೆ, ತಟ್ಟೆಯ ಅಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ ಏನನ್ನೋ ಕುಟ್ಟುತ್ತಲೇ ಇರುತ್ತಿದ್ದವು.

ಬಾಗಿಲಲ್ಲಿ ಸದ್ದಾಯಿತು. ಶಾಮಿಯಾನದ ಕೆಳಗೆ ಕೂತಿದ್ದ ಗಂಡಸರು ಕಾಲು ಸರಿಸಿ ದಾರಿ ಬಿಟ್ಟರು. ಒಬ್ಬ ದಪ್ಪನೆಯ ಗಂಡಸು ಚಪ್ಪಲಿ ಬಿಟ್ಟು ಒಳಗೆ ಬಂದ. ಹಿಂದೆಯೇ ಕನ್ನಡಕದ ಹೆಂಗಸೊಬ್ಬಳು, ನಲವತ್ತರ ಆಸುಪಾಸು, ಕೈಮಗ್ಗದ ಸೀರೆ, ಕೈಯಲ್ಲಿ ಹಾರ. ಅವಳು ಹೆಣದ ಮುಂದೆ ನಿಂತು ಮುಖವನ್ನು ಒಂದು ಕ್ಷಣ ನೋಡಿದಳು. ಹಿಂದೆಂದೂ ಕಾಣದ ಮುಖವನ್ನು ಮೊದಲ ಸಲ ಕಾಣುವವರು ಹೇಗೆ ನೋಡುತ್ತಾರೋ ಹಾಗೆ. ಆಮೇಲೆ ಹಾರವನ್ನು ಹಾಕುವುದನ್ನೂ ಮರೆತು ಗೊಳೋ ಎಂದು ಅತ್ತಳು.

ಆ ಅಳು ಯಾರಿಗೂ ಹಿಡಿಸಲಿಲ್ಲ. ಮಗಳು ಅಶ್ವಿನಿಯೇ ಅಷ್ಟು ಜೋರಾಗಿ ಅತ್ತಿರಲಿಲ್ಲ. ಸುತ್ತ ಕೂತಿದ್ದ ಹೆಂಗಸರು ಸೆರಗಿನ ಮರೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು.

“ಯಾರೇ ಇವ್ಳು?” ಉಚ್ಚಂಗಮ್ಮ ಕಾಶಮ್ಮನ ಕಿವಿಗೆ ಬಾಯಿಟ್ಟಳು. “ನಿನ್ ಗಂಡನ್ ಕಂಡು ನಿನ್ಗಿಂತ ಜಾಸ್ತಿ ಅಳ್ತಾವ್ಳಲ್ಲ!”

ಕಾಶಮ್ಮನಿಗೆ ಗೊತ್ತಾಗಿಹೋಗಿತ್ತು. ಈ ಹೆಂಗಸಿನ ಹೆಸರು ಮಾಲಿನಿ. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಆ ಹೆಸರನ್ನು ತನ್ನದೇ ಮನೆಯ ಟೀವಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅವಳು ಎಷ್ಟು ಸಂಜೆ ಓದಿದ್ದಳೋ. ಹೊಟ್ಟೆಯೊಳಗೆ ಒಂದು ಕೆಂಡ ಹೊರಳಿತು. ಗಂಡ ಸತ್ತ ಮಾರನೆಯ ದಿನವೂ ಇದು ಸುಡುತ್ತದಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಆದರೂ ಅದು ಸುಡುವುದನ್ನು ಬಿಡಲಿಲ್ಲ.

*

ಕರಿಸಿದ್ದಪ್ಪ ಮೂಗನೇನಲ್ಲ. ಹೆಣ್ಣು ನೋಡಲು ಯಗಟಿಗೆ ಬಂದ ದಿನ ಕಾಶಮ್ಮನ ಅಪ್ಪನಿಗೆ ಆ ಅನುಮಾನ ಬಂದದ್ದು ನಿಜ. ಹುಡುಗ ಬಂದ, ಕೂತ, ಖಾರ ಮಂಡಕ್ಕಿ ತಿಂದ, ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅಪ್ಪ ಬೇಕೆಂದೇ ನೀರಿಡದೆ ಕಾದು ಕೂತ. ಖಾರ ನೆತ್ತಿಗೇರಿದ ಮೇಲೆ ಹುಡುಗ “ನೀರು ಕೊಡಿ” ಅಂದ. “ಮಾತು ಬರ್ತೈತೆ ಬಿಡ್ರೇ,” ಎಂದು ಅಪ್ಪ ಒಳಗೆ ಬಂದು ಸಾರಿದ. ಮದುವೆ ಗೊತ್ತಾಯಿತು.

ಮದುವೆಯಾಗಿ ಬಂದ ಮೇಲೆ ಕಾಶಮ್ಮನಿಗೆ ಅರ್ಥವಾಯಿತು, ಆ ಎರಡು ಮಾತಿನಲ್ಲಿ ಅಪ್ಪ ಕೇಳಿಸಿಕೊಂಡಿದ್ದು ಹೆಚ್ಚುಕಮ್ಮಿ ಅವನ ಒಂದು ವಾರದ ಮಾತು ಎಂದು. ಊಟಕ್ಕೆ ಬಾ ಅಂದರೆ ಬರುವನು. ಹೇಗಿದೆ ಅಂದರೆ ತಲೆಯಾಡಿಸುವನು. ಜಗಳ ತೆಗೆದರೆ ಎದ್ದು ಹೊರಗೆ ಹೋಗಿ, ಜಗಳ ಆರಿದ ಮೇಲೆ ವೀಳ್ಯದೆಲೆ ತಂದು ಅಡುಗೆಮನೆಯ ಹೊಸ್ತಿಲ ಮೇಲಿಡುವನು. ಹೊಡೆದವನಲ್ಲ, ಕುಡಿದವನಲ್ಲ. “ನಿಮ್ ಬಾಯಿಗೇನು ಬೀಗ ಹಾಕವ್ರಾ?” ಎಂದು ಹೊಸದರಲ್ಲಿ ಅವಳು ಅತ್ತು ಕೂಗಾಡಿದ್ದುಂಟು. ಅವನು ನಕ್ಕಿದ್ದ, ಅಷ್ಟೇ.

ಒಂದು ಕಾಲಕ್ಕೆ ಅವಳಿಗೆ ಇನ್‌ಸ್ಟಿಟ್ಯೂಟಿಗೆ ಬರುವ ಹುಡುಗಿಯರ ಮೇಲೆ ಗುಮಾನಿ ಹತ್ತಿತು. ಎರಡು ಜಡೆ ಹಾಕಿಕೊಂಡು, ಮಲ್ಲಿಗೆ ಮುಡಿದು ಬರುವ ಹುಡುಗಿಯರು. ಅಲ್ಲಿ ಮಾತಾಡಿ ಮಾತಾಡಿ ಖಾಲಿಯಾಗಿ ಮನೆಗೆ ಬರುತ್ತಾನೇನೋ! “ನಂಗೂ ಕಲ್ಸಿ” ಎಂದು ಹೋಗಿ ಹಿಂದಿನ ಮೆಷಿನ್ನಿನ ಮುಂದೆ ಕೂತಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಅವಳು ಕಲಿತದ್ದು ಆಗಲೇ. ಅದಕ್ಕಿಂತ ದೊಡ್ಡದು ಇನ್ನೊಂದನ್ನೂ ಕಲಿತಳು: ಅವನು ಆ ಹುಡುಗಿಯರ ಜೊತೆಗೂ ಮಾತಾಡುತ್ತಿರಲಿಲ್ಲ. ತಪ್ಪು ಹೊಡೆದರೆ ಪೆನ್ಸಿಲಿನಿಂದ ಮೇಜಿನ ಅಂಚಿಗೆ ಒಂದು ಏಟು. ಸರಿಯಾದರೆ ಆ ಏಟೂ ಇಲ್ಲ. ಕಾಶಮ್ಮ ನೆಮ್ಮದಿಯಾಗಿ ಮನೆಗೆ ವಾಪಸಾದಳು. ಯಾರಿಗೂ ಸಿಗದ್ದು ತನಗೂ ಸಿಕ್ಕಿಲ್ಲ ಎಂದ ಮೇಲೆ ಹೊಟ್ಟೆ ಉರಿಯುವುದೇಕೆ? ಆ ಒಂದು ಸಮಾಧಾನದ ಮೇಲೆ ಅವಳು ಇಡೀ ಸಂಸಾರ ನಡೆಸಿದಳು.

ಟೀವಿಯ ಮೇಲೆ ಆ ಹೆಸರು ಮೂಡಿಸುತ್ತಿದ್ದ ಕಂಪ್ಯೂಟರನ್ನು ಅವನು ಬೆಂಗಳೂರಿನಿಂದ ತಂದದ್ದು ಟೈಪಿಂಗ್ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ. ಯಾರೋ ಬಳಸಿ ಮಾರಿದ್ದು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಕಂಪ್ಯೂಟರು. ಟೀವಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು, ಹಾಡಿನ ಕ್ಯಾಸೆಟ್ಟಿನಂಥದರಲ್ಲಿ ಪಾಠ ತುಂಬಿಡಬಹುದಿತ್ತು. ಕಡೂರಿನಲ್ಲಿ ದೊಡ್ಡ ಕಂಪ್ಯೂಟರ್ ಸೆಂಟರುಗಳು ಬಂದ ಮೇಲೆ ಅದು ಅಟ್ಟ ಸೇರಿತು. ಟೈಪಿಂಗ್ ಮೆಷಿನ್ನುಗಳು ಗುಜರಿಗೆ ಹೋದ ಮೇಲೆ, ಇನ್‌ಸ್ಟಿಟ್ಯೂಟಿಗೆ ಬೀಗ ಬಿದ್ದ ಮೇಲೆ, ಒಂದು ದಿನ ಅವನು ಏಣಿ ಹಾಕಿ ಅದನ್ನು ಇಳಿಸಿದ.

ಅಲ್ಲಿಂದ ಶುರುವಾಯಿತು. ಮೊಬೈಲಿನಲ್ಲಿ ಯಾವ ಯಾವುದೋ ದೇಶದವರು ಹಳೆಯ ಕಂಪ್ಯೂಟರ್ ಬಿಚ್ಚುವುದನ್ನು ನೋಡುವುದು, ಅಂಚೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ವೈಫೈ ಬೋರ್ಡು ತರಿಸುವುದು, ಅದಕ್ಕೆ ತಂತಿ ಬೆಸೆಯುವುದು. ಮೊದಲ ಬೋರ್ಡು ಸುಟ್ಟು ಮನೆಯೆಲ್ಲ ನಾತ ಬಡಿಯಿತು. ಹಳೆಯ ಕಂಪ್ಯೂಟರಿನ ಕರೆಂಟನ್ನು ಈ ಪುಟ್ಟ ಬೋರ್ಡು ತಾಳುವುದಿಲ್ಲ, ನಡುವೆ ರೆಸಿಸ್ಟರ್ ಹಾಕಿ ತಗ್ಗಿಸಬೇಕು ಎಂದು ಹೇಳಿಕೊಟ್ಟವನು ಕಡೂರಿನಲ್ಲಿ ಯುಪಿಎಸ್ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದ ದೇವರಾಜ. ಅವನಿಗೂ ಇದೇ ಹುಚ್ಚು. ಆ ಮುದಿ ಕಂಪ್ಯೂಟರಿಗೆ ಇಂಟರ್‌ನೆಟ್ ಅನ್ನುವುದೊಂದು ಇದೆ ಎಂದೇ ತಿಳಿಯದು. ಅದರ ಕಾಲಕ್ಕೆ ಇದ್ದದ್ದು ಟೆಲಿಫೋನು. ಹಾಗಾಗಿ ನಂಬರು ಹಾಕು ಎಂದರೆ ಅದು ಫೋನ್ ಮಾಡುತ್ತಿದ್ದೇನೆ ಎಂದುಕೊಂಡೇ ನಂಬರು ಹಾಕುತ್ತದೆ. ಬೋರ್ಡು ಅದಕ್ಕೆ ಹೂಂ ಹೂಂ ಅನ್ನುತ್ತ, ಒಳಗಿಂದೊಳಗೆ ವೈಫೈ ಮೂಲಕ ಹೊರಗಿನ ಲೋಕಕ್ಕೆ ಸೇರಿಸಿಬಿಡುತ್ತದೆ.

ಅದು ಮೊದಲ ಸಲ ಸೇರಿದ ಸಂಜೆ ಕರಿಸಿದ್ದಪ್ಪ “ಕಾಶೀ” ಎಂದು ಕೂಗಿದ್ದ. ಕೂಗಿದ್ದ! ಕಾಶಮ್ಮ ಏನಾಯಿತೋ ಎಂದು ಸೌಟು ಹಿಡಿದೇ ಓಡಿ ಬಂದಿದ್ದಳು. ಅವನು ಟೀವಿಯತ್ತ ಬೆರಳು ತೋರಿಸಿದ. CONNECT ಎಂದು ಮೂಡಿತ್ತು. ಅವಳು ಕೂಡಿಸಿ ಓದಿ, “ಏನಾಯ್ತೀಗ?” ಎಂದಳು. ಅವನು ಬಾಯಿ ತೆರೆದು, ಮುಚ್ಚಿ, ಪರದೆ ತೋರಿಸಿದ. ಸಾರು ಉಕ್ಕುತ್ತಿತ್ತು, ಅವಳು ಒಳಗೆ ಹೋದಳು.

ಆಮೇಲೆ ದಿನಾ ಸಂಜೆ ಅದೇ. ಇಂಥ ಹಳೆಯ ಯಂತ್ರ ಇಟ್ಟುಕೊಂಡ ನಾಕಾರು ಜನ ಅವರವರ ಮನೆಯಿಂದಲೇ ದೇವರಾಜನ ಅಂಗಡಿಯ ಕಂಪ್ಯೂಟರಿಗೆ ಬಂದು ಸೇರುವರು. ಅದಕ್ಕೆ ‘ಕಟ್ಟೆ’ ಎಂದು ಹೆಸರು. ಆ ಯಂತ್ರಗಳಿಗೆ ಕನ್ನಡದ ಅಕ್ಷರ ಬಾರದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವರು. ಪಡಸಾಲೆಯ ಪಕ್ಕದ ಕೋಣೆಯಿಂದ ಟಕಟಕ ಸದ್ದು ಬರುವುದು, ನಡುವೆ ಗಂಡ ನಕ್ಕ ಸದ್ದು. ಕಾಶಮ್ಮ ಬಾಗಿಲಿಗೆ ಬಂದರೆ ನಗು ನಿಂತುಹೋಗುವುದು. ಪರದೆಯ ಮೇಲೆ ಮಾತ್ರ MALINI: HA HA HA ಎಂದು ಉಳಿದಿರುವುದು. ಒಂದು ದಿನವಲ್ಲ, ಎರಡು ದಿನವಲ್ಲ. ಕಾಶಮ್ಮ ಆ ಹೆಸರನ್ನು ಓದಿ, ಏನೂ ಓದಲಿಲ್ಲವೆಂಬಂತೆ ಕಾಫಿಲೋಟ ಎತ್ತಿಕೊಂಡು ಹೋಗುವಳು. ಈ ವಯಸ್ಸಿನಲ್ಲಿ ಯಾರಿಗೆಂದು ಹೇಳುವುದು? ಹೇಳಿದರೆ ನಗುವವರೇ.

*

ಮಠದ ಅಯ್ಯನವರು ಬರುವುದು ತಡವಾಯಿತು. ಶಾಮಿಯಾನದ ಕೆಳಗೆ ಕಾಫಿ ಹಂಚಿದರು. ಕಾಶಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಹೊರಗಿನ ಮಾತು ಒಂದೂ ಬಿಡದೆ ಕೇಳುತ್ತಿತ್ತು.

ಯಗಟಿ ಬಿಟ್ಟು ದೇವನೂರಿನಲ್ಲಿ ನೆಲೆಸಿದ್ದ ಅವಳ ತಮ್ಮ ಓಂಕಾರೇಶ ಆ ದಪ್ಪನೆಯ ಗಂಡಸನ್ನು ವಿಚಾರಿಸುತ್ತಿದ್ದ. “ತಾವು ಎಲ್ಲಿಂದ?”

“ಕಡೂರು ಕಣ್ರೀ. ದೇವರಾಜ ಅಂತ. ಬೆರಳಪ್ಪನವರ ಸ್ನೇಹಿತ್ರು ನಾವು.”

“ಯಾವ ಬೆರಳಪ್ಪ? ಇದು ಕರಿಸಿದ್ದಪ್ಪನೋರ ಮನೆ. ಸಾವಿನ್ ಮನೆ ಎಲ್ಲಾರ ತಪ್ಪಿ ಬಂದ್ರಾ?”

“ಇಲ್ಲ ಇಲ್ಲ, ಇವ್ರೇ. ನಮ್ ಕಟ್ಟೇಲಿ ಅವ್ರು ಇಟ್ಕಂಡಿದ್ದ ಹೆಸ್ರು ಬೆರಳಪ್ಪ ಅಂತ. ನಿನ್ನೆ ಸಂಜೆ ಬರ್ಲಿಲ್ವಲ್ಲ ಅಂತ ಫೋನ್ ಮಾಡ್ದೆ, ಮಗಳು ಎತ್ತಿ ಹಿಂಗಾಯ್ತು ಅಂದ್ರು. ಕೈಕಾಲೇ ಆಡ್ಲಿಲ್ಲ. ಇವ್ರು ಮಾಲಿನಿ ಅಂತ, ಶಿವಮೊಗ್ಗದಲ್ಲಿ ಕಾಲೇಜಿನ ಲ್ಯಾಬ್ ನೋಡ್ಕತಾರೆ. ಬೆಳಿಗ್ಗೆ ಬೀರೂರಿಗೆ ರೈಲಲ್ ಬಂದ್ರು, ಕರ್ಕಂಡ್ ಬಂದೆ.” ದೇವರಾಜ ಮೂಗು ಒರೆಸಿಕೊಂಡ. “ಎಂಥಾ ಮಾತುಗಾರ ಹೋಗ್ಬಿಟ್ರು ಕಣ್ರೀ.”

ಶಾಮಿಯಾನದಲ್ಲಿ ಕೂತವರೆಲ್ಲ ಅವನ ಕಡೆ ತಿರುಗಿದರು.

“ಯಾರು, ನಮ್ ಭಾವಾನಾ?” ಓಂಕಾರೇಶನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ನಮ್ ಭಾವ ಮಾತಾಡಿದ್ದು ನಾನ್ ಕೇಳಿರೋದು ಬೆರಳೆಣಿಕೆ. ಹೋದ್ ಸಲ ಬಂದಾಗ ‘ಕೂತ್ಕೋ’ ಅಂದ್ರು. ಅದ್ನೇ ನಾವು ಊರಿಗ್ ಹೋಗಿ ಹೇಳ್ಕಂಡ್ವಿ.”

“ಅಯ್ಯೋ, ನಗ್ಸಿ ನಗ್ಸಿ ಸಾಕ್ ಮಾಡೋರು,” ಎಂದಳು ಮಾಲಿನಿ. ಕಣ್ಣು ಇನ್ನೂ ಒದ್ದೆ, ಮುಖದಲ್ಲಿ ಆಗಲೇ ಒಂದು ನಗು. “ಯಗಟಿಯಿಂದ ತೆಂಗಿನ ಸಸಿ ತಂದ ಕತೆ ನಿಮಗೆ ಹೇಳಿಲ್ವಾ?”

ಕಿಟಕಿಯ ಒಳಗೆ ಕಾಶಮ್ಮ ನೆಟ್ಟಗೆ ಕೂತಳು.

ಹೋದ ವರ್ಷದ ಮಾತು. ತವರಿನಿಂದ ಅವಳೇ ಆ ಸಸಿ ತಂದದ್ದು. ಸರ್ಕಾರಿ ಬಸ್ಸು, ಹೆಂಗಸರಿಗೆ ಫ್ರೀ. ಸಸಿಯನ್ನು ಪಕ್ಕದ ಸೀಟಿನಲ್ಲಿ ನಿಲ್ಲಿಸಿದ್ದಳು. ಕಂಡಕ್ಟರು ಅದಕ್ಕೆ ಲಗೇಜ್ ಟಿಕೆಟ್ ತಗೋ ಅಂದ. ಗಂಡ ಇಡೀ ದಾರಿ ಕಿಟಕಿಯಾಚೆ ನೋಡುತ್ತ ಕಂಬಿ ಕುಟ್ಟುತ್ತಿದ್ದ. ತನಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎಂಬಂತೆ ಇದ್ದವನ ಮೇಲೆ ಅವಳು ಮನೆಗೆ ಬಂದು ರೇಗಿದ್ದಳು.

“ಅಮ್ಮ ಕಂಡಕ್ಟರಿಗೆ ಏನಂದ್ರಂತೆ ಗೊತ್ತಾ?” ಮಾಲಿನಿ ಹೇಳುತ್ತಿದ್ದಳು. “‘ಕಾಯಿ ಹೆರೋದು ಯಾರಪ್ಪಾ, ನೀನಾ? ಈ ಗಿಡ ತಾನೆ? ಹೆರೋದು ಅಂದ್ಮೇಲೆ ಹೆಣ್ಣೇ. ಹೆಣ್ಣಿಗೆ ಫ್ರೀ, ಹೋಗು’ ಅಂದ್ರಂತೆ!”

ಯಾರೋ ಫಕ್ಕನೆ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

“ಕಂಡಕ್ಟರ್ ಬಿಟ್ಟಾನಾ? ‘ಹಂಗಾದ್ರೆ ಗಿಡದ ಆಧಾರ್ ಕಾರ್ಡ್ ತೋರ್ಸಮ್ಮಾ’ ಅಂದ್ನಂತೆ. ಅದಕ್ಕೆ ಅಮ್ಮ, ‘ಹಾಲ್ ಕುಡಿಯೋ ಕೂಸಿಗೆ ಯಾವನಯ್ಯಾ ಆಧಾರ್ ಕೇಳೋನು?’ ಅಂತ ಅದನ್ನೆತ್ತಿ ಸೊಂಟದ ಮೇಲೆ ಕೂರಿಸ್ಕೊಂಡ್ರಂತೆ. ಕೊನೇಲಿ ಬೆರಳಪ್ಪನವರು ಏನ್ ಬರೆದ್ರು ಅಂದ್ರೆ, ‘ಹೆಂಡ್ತೀಗೂ ಫ್ರೀ, ಗಿಡಕ್ಕೂ ಫ್ರೀ, ಆ ಸಂಸಾರದಲ್ಲಿ ಟಿಕೆಟ್ ತಗೊಂಡು ಕೂತ ಪರದೇಶಿ ನಾನೊಬ್ಬನೇ’ ಅಂತ.”

ಈಗ ಶಾಮಿಯಾನವೇ ನಕ್ಕಿತು. ಓಂಕಾರೇಶ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸಿದ. ಒಳಗೆ ಉಚ್ಚಂಗಮ್ಮನೂ ನಕ್ಕಳು. ಅಶ್ವಿನಿ ಅಳುತ್ತಲೇ ನಕ್ಕಳು.

ಕಾಶಮ್ಮ ನಗಲಿಲ್ಲ. ಆಧಾರ್ ಕಾರ್ಡು ಅವನು ಸೇರಿಸಿದ್ದು. ಕಂಡಕ್ಟರು ಅದನ್ನು ಕೇಳಿರಲೇ ಇಲ್ಲ. ಹಾಲು ಕುಡಿಯುವ ಕೂಸು ಎಂದು ತಾನೂ ಅಂದಿರಲಿಲ್ಲ. ಆದರೆ ಎಷ್ಟು ಚೆನ್ನಾಗಿತ್ತು! ತಾನೇ ಹಾಗೆ ಅಂದಿದ್ದರೆ ಎನಿಸುವಷ್ಟು ಚೆನ್ನಾಗಿತ್ತು. ತನ್ನ ಜಗಳ, ತನ್ನ ಸಸಿ, ತನ್ನ ಕಂಡಕ್ಟರು. ಅವನ್ನೆಲ್ಲ ಕಿಟಕಿಯಾಚೆ ನೋಡುವ ನೆಪದಲ್ಲಿ ಒಂದೂ ಬಿಡದೆ ಹೆಕ್ಕಿಕೊಂಡು, ಮನೆಗೆ ತಂದು, ಹೆಂಡತಿ ರೇಗುತ್ತಿದ್ದರೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಶಿವಮೊಗ್ಗದವಳಿಗೆ ಬಡಿಸಿದ್ದಾನೆ! ಅವನಿಗೆ ಮಾತೇ ಇಲ್ಲ ಎಂದುಕೊಂಡು ಅವಳು ಇಷ್ಟು ವರ್ಷ ಹೊಟ್ಟೆ ಕಟ್ಟಿಕೊಂಡಿದ್ದಳು. ಇತ್ತಂತೆ. ಬೇಕಾದಷ್ಟು ಇತ್ತಂತೆ.

ಅವಳು ಎದ್ದು ಬಾಗಿಲಿಗೆ ಹೋದಳು. “ಏ ತಾಯಿ, ಮಾಲಿನಿ ಅಂದ್ರೆ ನೀನೇ ಅಲ್ವಾ? ಬಾ ಇಲ್ಲಿ.”

ಹೆಣದ ಮುಂದಿನಿಂದ ಮುಂಡೆ ಹೀಗೆ ಎದ್ದು ಬರಬಾರದು ಎಂದು ಯಾರೋ ಹಿರಿಯರು ಗೊಣಗಿದರು. ಕಾಶಮ್ಮ ಕಿವಿಗೆ ಹಾಕಿಕೊಳ್ಳದೆ ಮಾಲಿನಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಮೇಜಿನ ಮೇಲೆ ಟೀವಿ, ಅದರ ಮುಂದೆ ಹಳದಿಗಟ್ಟಿದ ಆ ಯಂತ್ರ, ಹಿಂಬದಿಯಲ್ಲಿ ಸೋಪಿನ ಡಬ್ಬಿಯೊಳಗೆ ಕೂರಿಸಿದ ಬೋರ್ಡು. ಮಾಲಿನಿ ಅದನ್ನು ಕಂಡು, “ಇದೇನಾ? ನಮ್ಮಪ್ಪಂದೂ ಇದೇ ಮಾಡಲ್ಲು” ಎಂದು ಕೈ ಚಾಚಿದಳು.

“ಮುಟ್ಬೇಡ!”

ಮಾಲಿನಿಯ ಕೈ ಅಲ್ಲೇ ನಿಂತಿತು.

“ಇನ್ನೇನೇನ್ ಹೇಳ್ತಿದ್ರು?” ಎಂದು ಕೇಳಿದಳು ಕಾಶಮ್ಮ. ದನಿ ಗಟ್ಟಿಯಾಗಿಯೇ ಇತ್ತು. “ನಾಚ್ಕೆ ಬೇಡ, ಹೇಳು. ದಿನಾ ನಗ್ತಿದ್ರಲ್ಲ ಇಬ್ರೂ.”

ಮಾಲಿನಿಗೆ ಈಗ ಅರ್ಥವಾಯಿತು. ಅವಳ ಮುಖ ಕೆಂಪಾಯಿತು. “ಅಮ್ಮಾ, ಹಂಗೆಲ್ಲ ಇಲ್ಲ. ಐದಾರು ಜನ ಇರ್ತಿದ್ವಿ. ಅವರು ಹೇಳ್ತಿದ್ದುದೆಲ್ಲ ನಿಮ್ಮ ವಿಷ್ಯಾನೇ. ನಿಮ್ಮ ಮುದ್ದೆ, ನಲ್ಲಿ ನೀರಿನ ಜಗಳ, ನೀವು ಟೀವಿ ಸೀರಿಯಲ್ಲಿನವರಿಗೆ ಬೈಯೋದು. ನಮಗೆಲ್ಲ ನೀವು ಮೊದ್ಲಿಂದ ಗೊತ್ತು ಅನ್ನೋ ಹಂಗಿತ್ತು.”

ಸಮಾಧಾನವಾಗಲಿ ಎಂದೇ ಅವಳು ಹೇಳಿದ್ದು. ಬೇರೆ ಯಾವ ಹೆಂಗಸಿಗಾದರೂ ಆಗುತ್ತಿತ್ತೇನೋ.

“ನನ್ ವಿಷ್ಯ,” ಎಂದಳು ಕಾಶಮ್ಮ. “ನನ್ ವಿಷ್ಯ ಹೇಳಿದ್ರು. ನಂಗ್ ಹೇಳ್ಲಿಲ್ವಲ್ಲ.”

ಮಾಲಿನಿ ಸೆರಗಿನ ಚುಂಗು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ನಂಗೆ ಅವರ ದನಿ ಹೆಂಗಿತ್ತು ಅಂತ್ಲೇ ಗೊತ್ತಿಲ್ಲಮ್ಮ. ಒಂದ್ ಸಲಾನೂ ಕೇಳಿಲ್ಲ. ಫೋನ್ ಮಾಡಿದ್ರೆ ಎತ್ತುತಿರ್ಲಿಲ್ಲ. ದಪ್ಪ ದನೀನಾ, ಸಣ್ಣದಾ?”

ದನಿ ತನಗೆ, ಮಾತು ಇವಳಿಗೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಹಂಚಿಟ್ಟು ಹೋಗಿದ್ದಾನೆ ಪುಣ್ಯಾತ್ಮ. ಅದರಲ್ಲಿ ಬೆಳೆ ಬರುವ ಪಾಲು ಯಾವುದು, ಕಲ್ಲು ಪಾಲು ಯಾವುದು ಎಂದು ಕಾಶಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

“ಅಯ್ಯನೋರು ಬಂದ್ರು,” ಎಂದು ಹೊರಗಿನಿಂದ ಕೂಗಿದರು. ಕಾಶಮ್ಮ ಮಾಲಿನಿಗೆ ಉತ್ತರ ಕೊಡದೆ ಹೊರಟಳು.

*

ರೈಲ್ವೆ ಗೇಟು ದಾಟಿ ಸ್ವಲ್ಪ ದೂರ ಹೋದರೆ ರುದ್ರಭೂಮಿ. ಭಜನೆಯವರು ಮುಂದೆ, ಕುರ್ಚಿಯಲ್ಲಿ ಕೂರಿಸಿ ಹೊತ್ತ ಕರಿಸಿದ್ದಪ್ಪ ನಡುವೆ, ಹೆಂಗಸರು ಹಿಂದೆ. ತೆಗೆದ ಗುಣಿಯೊಳಗೆ ಅವನನ್ನು ಇಳಿಸಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಉಪ್ಪು, ಬಿಲ್ವಪತ್ರೆ ಬಿದ್ದವು. ಕಾಶಮ್ಮ ಬಗ್ಗಿ ಪತ್ರೆ ಹಾಕುವಾಗ ಅವನ ತಲೆ ಮಾತ್ರ ಕಾಣುತ್ತಿತ್ತು. ಪತ್ರೆಗಳ ನಡುವೆ ಬಿಳಿಕೂದಲು. ಅವಳಿಗೆ ಆಗ ದುಃಖ ಉಕ್ಕಿ ಬಂತು. ಎಲ್ಲವನ್ನೂ ಬಿಟ್ಟು ಅತ್ತಳು.

ಅತ್ತು ಕಣ್ಣು ಒರೆಸಿಕೊಂಡು ನೋಡಿದರೆ ಎದುರುಗಡೆ ಮಾಲಿನಿ ಮಣ್ಣು ಹಿಡಿದು ನಿಂತಿದ್ದಳು. ಅವಳೂ ಅಳುತ್ತಿದ್ದಳು. ತುಟಿ ಅಲುಗುತ್ತಿತ್ತು, ಏನೋ ಹೇಳಿಕೊಂಡು ಮಣ್ಣು ಹಾಕಿದಳು. ಏನು ಹೇಳಿದಳು? ಇನ್ನೂ ಏನು ಉಳಿದಿದೆ ಇವರಿಬ್ಬರ ನಡುವೆ ಎಂದು ಕಾಶಮ್ಮನ ಅಳು ಅರ್ಧಕ್ಕೆ ನಿಂತಿತು.

ವಾಪಸು ಬರುವಾಗ ಇನ್ನೊಂದು ಸಂಕಟ. ಮುಂದೆ ಹೋಗುತ್ತಿದ್ದ ಓಂಕಾರೇಶ, ಮೊದಲು ಇಲ್ಲದಿದ್ದ ನೆಂಟರಿಗೆ ಸಸಿಯ ಕತೆ ಹೇಳುತ್ತಿದ್ದ. ಆಧಾರ್ ಕಾರ್ಡು ಬಂದಾಗ ಅವರೆಲ್ಲ ತಲೆ ಅಲ್ಲಾಡಿಸಿದರು. “ಎಂಥಾ ಘಾಟಿ ಮನುಷ್ಯ ಕಣಯ್ಯಾ, ನಮಗ್ ಗೊತ್ತೇ ಆಗ್ಲಿಲ್ಲ,” ಎಂದರು. ಇನ್ನು ನಾಳೆ ದೇವನೂರು, ನಾಡಿದ್ದು ತರೀಕೆರೆ. ಎಲ್ಲರ ಬಾಯಲ್ಲೂ ಅವನ ಮಾತು ಇರುತ್ತದೆ. ಅದನ್ನು ಅವನ ಬಾಯಿಂದ ಕೇಳದ ಹೆಂಡತಿಯೊಬ್ಬಳು ಇರುತ್ತಾಳೆ.

ಉಚ್ಚಂಗಮ್ಮ ತೋಳು ಹಿಡಿದು ನಡೆಸುತ್ತಿದ್ದಳು. “ನಿಂಗೂ ಹಿಂಗೇ ಹೇಳಿ ನಗಿಸ್ತಿದ್ರೇನೇ ಕಾಶಕ್ಕ? ನಾವೆಲ್ಲ ನೀನೊಬ್ಳೇ ಒದರ್ತೀಯ ಅನ್ಕಂಡಿದ್ವಿ.”

ಕಾಶಮ್ಮ ಅವಳ ಕೈ ಬಿಡಿಸಿಕೊಂಡು ತಾನೇ ನಡೆದಳು.

*

ಉಚ್ಚಂಗಮ್ಮನ ಮನೆಯಿಂದ ಅನ್ನ, ತಿಳಿಸಾರು ಬಂತು. ಬಂದವರು ಉಂಡು ಒಬ್ಬೊಬ್ಬರಾಗಿ ಹೊರಟರು. ಸಂಜೆಯ ಬಿಸಿಲು ಜಗಲಿಗೆ ಬಂದಿತ್ತು. ಕಾಶಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಅಶ್ವಿನಿ. ದೇವರಾಜ ಕಾರಿನ ಕೀಲಿ ಹಿಡಿದು ಬಂದು ಕೈಮುಗಿದ.

“ಬತ್ತೀವಿ ಅಮ್ಮಾ. ಇವ್ರನ್ನ ಬೀರೂರಲ್ಲಿ ರೈಲ್ ಹತ್ಸಬೇಕು.”

ಮಾಲಿನಿ ಹೊರಡಲಿಲ್ಲ. ಹತ್ತಿರ ಬಂದು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. “ಅಮ್ಮಾ, ಬೇಜಾರ್ ಮಾಡ್ಕೋಬೇಡಿ, ಒಂದ್ ಕೇಳ್ತೀನಿ. ಕಟ್ಟೇಲಿ ಉಳಿದವ್ರು ಕೇಳ್ತಾರೆ, ನಂಗೂ ತಿಳ್ಕೋಬೇಕು ಅನ್ಸುತ್ತೆ. ಕೊನೇಲಿ ಏನಾದ್ರೂ ಹೇಳಿದ್ರಾ ಅವರು?”

ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ಓಂಕಾರೇಶ ತಿರುಗಿ ನೋಡಿದ. ಪಾತ್ರೆ ಒಯ್ಯಲು ಬಂದಿದ್ದ ಉಚ್ಚಂಗಮ್ಮ ನಿಂತಳು.

ಇಲ್ಲ ಅನ್ನುವುದಕ್ಕೆ ಕಾಶಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಾಲಿನಿಯ ಕಣ್ಣು ಕಂಡಿತು. ಕನ್ನಡಕದ ಹಿಂದೆ ಅದು ಕಾಯುತ್ತಿತ್ತು. ಈ ಕಾಯುವುದು ಕಾಶಮ್ಮನಿಗೆ ಚೆನ್ನಾಗಿ ಗೊತ್ತು. ತಟ್ಟೆ ಮುಂದಿಟ್ಟು, ಉಪ್ಪು ಹುಳಿ ಸರಿಯಾಗಿದೆಯಾ ಎಂದು ಕೇಳಿ, ಗಂಡನ ಬಾಯನ್ನೇ ನೋಡುತ್ತ ಅವಳು ಕಾದದ್ದು ಇದನ್ನೇ.

“ಹೇಳಿದ್ರು,” ಅಂದಳು.

“ಏನಂದ್ರು?”

“ಊಟ ಮಾಡಿ ಕೂತ್ಕಂಡ್ರಾ, ನಿನ್ನೆ ಅದೇನ್ ಮನ್ಸಿಗ್ ಬಂತೋ, ಮಾತಾಡಕ್ ಹಿಡ್ಕಂಡ್ರು. ನಾನು ಪಾತ್ರೆ ಅಲ್ಲೇ ಬಿಟ್ಟು ಕೂತ್ಕಂಡೆ. ಬಾಳ ಹೊತ್ತು ಮಾತಾಡಿದ್ರು.” ಹೇಳುತ್ತ ಹೋದಂತೆ ಅವಳ ಬೆನ್ನು ಕಂಬ ಬಿಟ್ಟು ನೆಟ್ಟಗಾಯಿತು. “ನಕ್ಕು ನಕ್ಕು ನಂಗೆ ಹೊಟ್ಟೆ ನೋವು ಬಂತು. ಆಮೇಲೆ ಒಂದ್ ಮಾತಂದ್ರು. ಅದಾದ್ಮೇಲೆ ಕಣ್ ಮುಚ್ಚಿದ್ರು.”

ಅಶ್ವಿನಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ದೇವರಾಜ ಕೀಲಿ ಅಲ್ಲಾಡಿಸುವುದನ್ನು ನಿಲ್ಲಿಸಿದ್ದ.

“ಏನು ಆ ಮಾತು?” ಮಾಲಿನಿಯ ದನಿ ಪಿಸುಗುಟ್ಟಿದಂತೆ ಬಂತು. ಅವಳು ಮೆಟ್ಟಿಲಿಂದ ಅರ್ಧ ಎದ್ದಿದ್ದಳು.

ಕಾಶಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅದು ನಂಗ್ ಹೇಳಿದ್ದು ಕಣವ್ವ.”

ಮಾಲಿನಿ ತಲೆ ತಗ್ಗಿಸಿದಳು. ಅವಳ ಮುಖದ ಮೇಲೆ ಹಾದುಹೋದದ್ದು ಏನೆಂದು ಬೇರೆ ಯಾರಿಗೂ ತಿಳಿಯದಿದ್ದರೂ ಕಾಶಮ್ಮನಿಗೆ ತಿಳಿಯಿತು. ಬೆಳಗಿನಿಂದ ಮೊದಲ ಸಲ ಅವಳಿಗೆ ಹೊಟ್ಟೆ ತಣ್ಣಗಾಯಿತು.

ಕಾರು ತಿರುಗಿ ಬಸ್ ಸ್ಟ್ಯಾಂಡಿನ ಕಡೆ ಹೋಯಿತು. ಓಂಕಾರೇಶ ಶಾಮಿಯಾನದವನನ್ನು ಕರೆಯಲು ಹೋದ. ಉಚ್ಚಂಗಮ್ಮ ಪಾತ್ರೆ ಎತ್ತಿಕೊಂಡು, ಈ ಸುದ್ದಿಯನ್ನೂ ಎತ್ತಿಕೊಂಡು, ಲಗುಬಗೆಯಿಂದ ನಡೆದಳು.

“ಹೌದೇನಮ್ಮಾ?” ಅಶ್ವಿನಿ ಕೇಳಿದಳು. “ನಿಜವಾಗ್ಲೂ ಅಪ್ಪ ಅಷ್ಟೊತ್ತು ಮಾತಾಡಿದ್ರಾ?”

“ಕುರ್ಚಿ ಎಷ್ಟೈತೆ ಅಂತ ಎಣ್ಸಿ ಕೊಡು, ಹೋಗು,” ಎಂದು ಕಾಶಮ್ಮ ಎದ್ದು ಒಳಗೆ ಹೋದಳು.

ಪಡಸಾಲೆ ಬರಿದಾಗಿತ್ತು. ಗೋಡೆಯ ಬುಡದಲ್ಲಿ ಅವನನ್ನು ಕೂರಿಸಿದ್ದ ಜಾಗ ಗುಡಿಸಿ ಸಾರಿಸಿ ಆಗಿತ್ತು. ಆರಾಮ ಕುರ್ಚಿಯನ್ನು ಯಾರೋ ಮತ್ತೆ ಅದರ ಮೂಲೆಗೆ ತಂದಿಟ್ಟಿದ್ದರು. ಬಂದ ಜನಕ್ಕೆಂದು ಹಾಕಿದ್ದ ಫ್ಯಾನು ಮೇಲೆ ಜೋರಾಗಿ ತಿರುಗುತ್ತಲೇ ಇತ್ತು.

ನಿನ್ನೆ ಮಧ್ಯಾಹ್ನವೂ ಹೀಗೆಯೇ ತಿರುಗುತ್ತಿತ್ತು. ಅವಳು ಪಾತ್ರೆ ತೊಳೆಯುತ್ತಿದ್ದಳು. “ಫ್ಯಾನ್ ಒಂದ್ ಪಾಯಿಂಟ್ ಕಮ್ಮಿ ಮಾಡು,” ಎಂದಿದ್ದ ಅವನು. “ಬಂದೆ,” ಎಂದಿದ್ದಳು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಆಗಿಹೋಗಿತ್ತು.

ಕಾಶಮ್ಮ ಗೋಡೆಯ ಹತ್ತಿರ ಹೋಗಿ ರೆಗ್ಯುಲೇಟರನ್ನು ಒಂದು ಪಾಯಿಂಟ್ ಕೆಳಗೆ ತಿರುಗಿಸಿದಳು. ಫ್ಯಾನಿನ ಸದ್ದು ತಗ್ಗಿತು. ಅವಳು ಅಲ್ಲಿಯೇ ನಿಂತು, ರೆಗ್ಯುಲೇಟರಿನ ಮೇಲಿನ ಕೈ ತೆಗೆಯದೆ, ಕುರ್ಚಿಯ ಕಡೆ ತಿರುಗಿ ಕೇಳಿದಳು:

“ಸಾಕಾ?”